ಒಂದೇ ಗೆರೆ, ಪಕ್ಕದಲ್ಲಿ ಸಹಿ

ಕಳೆದ ತಿಂಗಳು ನವಿ ಮುಂಬಯಿಯ ನೆರೂಳದ ನಮ್ಮ ಕಾಲೇಜಿನಲ್ಲಿ ಅಕ್ಕೋರಿಗೆ ಶ್ರದ್ಧಾಂಜಲಿ ಸಭೆ ಮಾಡಿದರು. ಮಾಡಬೇಡಿ ಎಂದು ಅವರು ಬದುಕಿದ್ದಾಗಲೇ ಹೇಳಿದ್ದರು. "ನಾ ಸತ್ತ ಮ್ಯಾಲ ನನ್ನ ಬಗ್ಗೆ ಸುಳ್ಳು ಹೇಳಲಿಕ್ಕೆ ನಿಮಗ ಮೈಕ್ ಬ್ಯಾರೆ ಬೇಕೇನು?" ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಕೇಳಿದ್ದರು. ಆದರೂ ಮಾಡಿದರು. ಮೈಕೂ ತಂದರು, ಸುಳ್ಳನ್ನೂ ತಂದರು.

ಸುಳ್ಳು ಬಾಗಿಲಲ್ಲೇ ನಿಂತಿತ್ತು, ಆಳೆತ್ತರದ ಬೋರ್ಡಿನ ಮೇಲೆ. ಮೇಲೆ ಅವರ ಫೋಟೋ, ಕೆಳಗೆ ಸಾಧನೆಗಳ ಪಟ್ಟಿ. ಮೂರನೆಯ ಸಾಲು ಹೀಗಿತ್ತು: "ಮಿಶ್ರ ಮೂಲದ ಕರಾವಳಿ ಜನರ ವಂಶವಾಹಿಗಳಲ್ಲಿ ಇತ್ತೀಚಿನ ನಿಸರ್ಗದ ಆಯ್ಕೆಯ ಗುರುತನ್ನು ಕಂಡುಹಿಡಿದವರು." ಓದಿದ್ದೇ ನನ್ನ ಮೈಯೆಲ್ಲ ಉರಿಯಿತು. ಆ ಗುರುತು ಅಲ್ಲಿ ಇರಲೇ ಇಲ್ಲ. ಇಲ್ಲ ಎಂದು ತನ್ನ ಕೈಯಾರೆ ಬರೆದು, ಅದಕ್ಕಾಗಿ ಏನೆಲ್ಲ ಕಳೆದುಕೊಳ್ಳಬಹುದೋ ಅದನ್ನೆಲ್ಲ ಕಳೆದುಕೊಂಡ ಹೆಂಗಸು ಅವರು. ಅವರ ಫೋಟೋದ ಕೆಳಗೆ ಅದೇ ಸಾಲು. ಇದನ್ನು ಸುಮ್ಮನೆ ನೋಡಿಕೊಂಡು ಬಟಾಟೆವಡೆ ತಿಂದು ಮನೆಗೆ ಬರುವ ಜಾತಿಯ ಮನುಷ್ಯ ನಾನಲ್ಲ. ಹಿಂದೊಮ್ಮೆ ಆಗಿದ್ದೆ, ಅದನ್ನೂ ಹೇಳುತ್ತೇನೆ.

ಅಕ್ಕೋರು ಧಾರವಾಡದ ಕಡೆಯವರು, ಡೊಂಬಿವಲಿಯಲ್ಲಿ ಮನೆ. ಅವರ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಹಾಗೆ ಕರೆಯುತ್ತಾರೆ. ನಾನು ಮೊದಲ ದಿನ ಊರಿಗೆಲ್ಲ ಹೇಳುವ ಹಾಗೆ "ಮೇಡಂ" ಎಂದೆ. "ಮೇಡಂ ಅನಬ್ಯಾಡಪಾ, ಅಂಗಡಿಯೊಳಗ ಸೀರಿ ಕೊಳ್ಳಲಿಕ್ಕೆ ನಿಂತಂಗ ಅನಸ್ತದ" ಎಂದರು. ಅಂದಿನಿಂದ ಅಕ್ಕೋರು. ನಾನು ಉಡುಪಿ ಕಡೆಯವನು, ಹುಟ್ಟಿ ಬೆಳೆದದ್ದೆಲ್ಲ ಠಾಣೆ. ನಮ್ಮ ತಂದೆ ಠಾಣೆ ಸ್ಟೇಷನ್ ಹತ್ತಿರದ ಹೋಟೆಲೊಂದರಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದವರು. ಮನೆಯಲ್ಲಿ ತುಳು, ಬೀದಿಯಲ್ಲಿ ಮರಾಠಿ, ಹೋಟೆಲಿಗೆ ಹೋದರೆ ಕನ್ನಡ. ಲ್ಯಾಬ್ ಟೆಕ್ನಿಶಿಯನ್ ಕೋರ್ಸು ಮುಗಿಸಿ ಅವರ ಪ್ರಯೋಗಾಲಯಕ್ಕೆ ಕಾಂಟ್ರ್ಯಾಕ್ಟಿನ ಮೇಲೆ ಸೇರಿದವನು ನಾನು. ವರ್ಷಕ್ಕೊಮ್ಮೆ ನವೀಕರಣ, ವರ್ಷವಿಡೀ ಅದರದೇ ಭಯ.

ಸೇರಿದ ವಾರದಲ್ಲೇ ಬೈಸಿಕೊಂಡೆ. ನೋಟ್‌ಬುಕ್ಕಿನಲ್ಲಿ ಒಂದು ಟ್ಯೂಬಿನ ಸಂಖ್ಯೆ ತಪ್ಪಾಗಿತ್ತು. ಚಂದ ಕಾಣಲಿ ಎಂದು ವೈಟ್ನರ್ ಬಳಿದು, ಒಣಗಲಿಕ್ಕೆ ಊದುತ್ತ ಕೂತಿದ್ದೆ. ಅಕ್ಕೋರು ಹಿಂದೆ ಬಂದು ನಿಂತದ್ದು ಗೊತ್ತಾಗಲಿಲ್ಲ. ಬಾಟಲಿ ಎತ್ತಿ ಸೀದಾ ಕಸದ ಬುಟ್ಟಿಗೆ ಹಾಕಿದರು.

"ಏನು ಮುಚ್ಚಲಿಕ್ಕತ್ತೀಯಪಾ?"

"ತಪ್ಪಾಗಿತ್ತು, ಅದಕ್ಕೆ ಸರಿ ಮಾಡ್ತಾ ಇದ್ದೆ."

"ತಪ್ಪು ಆದ್ರ ಒಂದೇ ಗೆರಿ ಎಳಿ. ಕೆಳಗ ಏನಿತ್ತು ಅಂತ ಓದಲಿಕ್ಕೆ ಬರಬೇಕು. ಬಾಜೂಕ ಸರಿ ಇದ್ದದ್ದು ಬರಿ, ಸಹಿ ಮಾಡು, ತಾರೀಕು ಹಾಕು. ತಪ್ಪಿಗೂ ಒಂದು ಮರ್ಯಾದಿ ಅದ."

ಲ್ಯಾಬಿನ ನಿಯಮ ಎಲ್ಲ ಕಡೆ ಅದೇ, ನನಗೂ ಕೋರ್ಸಿನಲ್ಲಿ ಕಲಿಸಿದ್ದರು. ಆದರೆ ಕಿರಾಣಿ ಚೀಟಿಯಲ್ಲಿ ಕೂಡ ಒಂದೇ ಗೆರೆ ಎಳೆದು ಸಹಿ ಹಾಕುವವರನ್ನು ಅಕ್ಕೋರ ಹೊರತು ನಾನು ಕಂಡಿಲ್ಲ. ಕೆಂಪು ಪೆನ್ಸಿಲೊಂದು ಸದಾ ಅವರ ತುರುಬಿನಲ್ಲಿ ಸಿಕ್ಕಿಸಿರುತ್ತಿತ್ತು. ಯಾರಾದರೂ ಅತಿ ಧೈರ್ಯದಿಂದ ಮಾತಾಡಿದರೆ ಕೈ ತನ್ನಷ್ಟಕ್ಕೆ ಅದರ ಕಡೆ ಹೋಗುತ್ತಿತ್ತು.

ದಿನಾ ಬೆಳಿಗ್ಗೆ ಡೊಂಬಿವಲಿಯಿಂದ ಠಾಣೆಗೆ ಬಂದು, ಅಲ್ಲಿಂದ ನೆರೂಳದ ಗಾಡಿ ಹತ್ತುತ್ತಿದ್ದರು. ಠಾಣೆಯಲ್ಲಿ ನಾನು ಸಿಗುತ್ತಿದ್ದೆ. ಹೆಂಗಸರ ಡಬ್ಬಿಗೆ ಹೋಗದೆ ನನ್ನ ಜೊತೆ ಜನರಲ್ ಡಬ್ಬಿಗೇ ಹತ್ತುತ್ತಿದ್ದರು, ಹಿಂದಿನ ದಿನದ ವಾದ ಬಾಕಿ ಇರುತ್ತಿತ್ತಲ್ಲ. ಜಾಗ ಬಿಟ್ಟುಕೊಟ್ಟವರಿಗೆ "ನಿಂದ್ರೂ ಶಕ್ತಿ ಅದ ನನಗ" ಎಂದು ನಿಂತೇ ಇರುತ್ತಿದ್ದರು, ಆಮೇಲೆ ಕಾಲು ನೋವೆಂದು ನನ್ನನ್ನು ಬೈಯುತ್ತಿದ್ದರು. ಅವರ ಕೆಲಸ ಏನೆಂದು ನನಗೆ ಅರ್ಥವಾದದ್ದು ಲ್ಯಾಬಿನಲ್ಲಲ್ಲ, ಠಾಣೆ ಪ್ಲಾಟ್‌ಫಾರ್ಮಿನಲ್ಲಿ.

"ಕಲ್ಯಾಣದೊಳಗ ಒಂದಿಷ್ಟು ಮಂದಿ ಹತ್ತತಾರ, ಡೊಂಬಿವಲಿಯೊಳಗ ಒಂದಿಷ್ಟು ಮಂದಿ" ಎಂದು ಎದುರಿನ ಲೋಕಲ್ ತೋರಿಸಿ ಶುರು ಮಾಡಿದರು. "ಠಾಣೆಗೆ ಬರೂದ್ರಾಗ ಎಲ್ಲಾ ಕಲಸಿ ಹೋಗಿರತದ. ಈಗ ಒಂದೊಂದು ಡಬ್ಬಿಯೊಳಗ ತಲಿ ಎಣಿಸಿದ್ರ ಎರಡೂ ಊರಿನವರ ಪಾಲು ಹೆಚ್ಚೂ ಕಡಿಮಿ ಎಲ್ಲಾ ಡಬ್ಬಿಯೊಳಗೂ ಒಂದೇ ಇರಬೇಕು, ಹೌದಿಲ್ಲೋ?"

"ಹೌದು."

"ಒಂದೇ ಒಂದು ಡಬ್ಬಿಯೊಳಗ ಡೊಂಬಿವಲಿಯವರು ಎದ್ದು ಕಾಣೂವಷ್ಟು ಹೆಚ್ಚಿದ್ರ?"

"ಆ ಡಬ್ಬಿ ಡೊಂಬಿವಲಿಯಲ್ಲಿ ಸೇತುವೆಯ ಮೆಟ್ಟಿಲ ಎದುರು ನಿಲ್ತದೆ ಅಂತ ಲೆಕ್ಕ."

"ಶಾಣ್ಯಾ ಇದ್ದಿ. ಅಂದ್ರ ಅವರು ಅಲ್ಲಿ ಹೆಚ್ಚಿರಲಿಕ್ಕೆ ಒಂದು ಕಾರಣ ಅದ. ಇನ್ನೊಂದು ಹೇಳು."

ನಾನು ಎದುರಿನ ಡಬ್ಬಿಯೊಳಗೆ ಇಣುಕಿದೆ.

"ಮದುವಿ ಮಂದಿ ಹತ್ತಿರಬಹುದಲ್ಲಪಾ. ಒಂದೇ ಮನಿಯವರು, ಒಬ್ಬರ ಕೈ ಒಬ್ಬರು ಹಿಡಕೊಂಡು ಒಂದೇ ಡಬ್ಬಿಗೆ. ಆವಾಗ ಮೆಟ್ಟಿಲದ್ದೇನೂ ಪಾತ್ರ ಇಲ್ಲ. ಮೊದಲು ಮದುವಿ ಮಂದಿ ಇಳಿಸಬೇಕು, ಆಮ್ಯಾಲ ಎಣಿಸಬೇಕು."

ಅಷ್ಟೇ ವಿಷಯ. ನಮ್ಮ ದೇಶದ ಜನರೆಲ್ಲ ಬಹುಕಾಲದ ಹಿಂದೆ ಎರಡು ಮೂರು ಕಡೆಯಿಂದ ಬಂದು ಬೆರೆತವರು. ನಮ್ಮ ವಂಶವಾಹಿಯ ಉದ್ದಕ್ಕೂ ಒಂದು ಕಡೆಯ ತುಣುಕು, ಇನ್ನೊಂದು ಕಡೆಯ ತುಣುಕು ಸೇರಿಕೊಂಡಿವೆ. ಜನರನ್ನು ಒಟ್ಟಿಗೆ ನೋಡಿದರೆ ಎರಡರ ಪಾಲೂ ಎಲ್ಲ ಜಾಗದಲ್ಲೂ ಸುಮಾರು ಅಷ್ಟಷ್ಟೇ ಇರಬೇಕು. ಒಂದೇ ಜಾಗದಲ್ಲಿ ಒಂದು ಕಡೆಯ ಪಾಲು ಮಿತಿಮೀರಿ ಹೆಚ್ಚಿದ್ದರೆ, ಆ ತುಣುಕು ಇದ್ದವರು ಯಾವುದೋ ಜ್ವರದಲ್ಲಿ ಬದುಕಿ ಉಳಿದರು, ಇಲ್ಲದವರು ಹೋದರು ಎಂದು ಊಹಿಸಬಹುದು. ಅದೂ ಬೆರೆತ ಮೇಲೆ, ಅಂದರೆ ನಿಸರ್ಗದ ಲೆಕ್ಕದಲ್ಲಿ ನಿನ್ನೆ ಮೊನ್ನೆ. ಆ ಗುರುತನ್ನೇ ಅಕ್ಕೋರು ಹುಡುಕುತ್ತಿದ್ದರು, ಕರಾವಳಿಯಿಂದ ಬಂದು ಈ ಊರುಗಳಲ್ಲಿ ನೆಲೆಸಿದ ನಮ್ಮ ಜನರಲ್ಲಿ. ಕರಾವಳಿಯಲ್ಲಿ ಮಲೇರಿಯಾ ಹಳೆಯದು ಎಂಬುದು ಅವರ ಎಣಿಕೆ.

ರಕ್ತ ಕೇಳಲು ನಮ್ಮವರ ಮನೆಗೆ ಹೋಗುವುದು ನನ್ನ ಕೆಲಸ. ತುರ್ಭೆಯ ಕ್ಯಾಂಟೀನುಗಳು, ಕಳವಾ ಊರಿನ ಒಂಟಿಕೋಣೆಯ ಖೋಲಿಗಳು, ಠಾಣೆಯ ಹೋಟೆಲುಗಳ ಅಟ್ಟದ ಮೇಲಿನ ಕೋಣೆಗಳು, ಎಲ್ಲ ಕಡೆ ಅಲೆದೆವು. ಅಕ್ಕೋರು ಜೊತೆಗೆ ಬರುತ್ತಿದ್ದರು. ತೆಗೆದುಕೊಂಡ ರಕ್ತಕ್ಕೆ ಬದಲಾಗಿ ಪ್ರತಿಯೊಬ್ಬರ ಹಿಮೋಗ್ಲೋಬಿನ್ ಲೆಕ್ಕವನ್ನು ಚೀಟಿಯಲ್ಲಿ ಬರೆದು ಅವರ ಮನೆಗೇ ಹೋಗಿ ಕೊಡಬೇಕು ಎಂಬುದು ಅವರ ಹಟ. "ರಕ್ತ ತಗೊಂಡು ಬಾಯಿ ಒರಸಿಕೊಂಡು ಹೋಗಲಿಕ್ಕೆ ನಾವೇನು ಸೊಳ್ಳಿ ಏನು?" ಎನ್ನುತ್ತಿದ್ದರು.

ಕಳವಾ ಊರಿನಲ್ಲಿ ನಮ್ಮ ಜನರ ಸಂಘದ ಮುಖಂಡರೊಬ್ಬರಿದ್ದರು. ಕುರ್ಚಿ ಹಾಕಿ, ಚಾ ತರಿಸಿ, ಆಮೇಲೆ ವಿಷಯಕ್ಕೆ ಬಂದರು. "ಮೇಡಂ, ನಮ್ಮವರು ಉತ್ತರದಿಂದ ಬಂದ ರಾಜವಂಶದವರು. ರಿಪೋರ್ಟಲ್ಲಿ ಅದೊಂದು ಬರಬೇಕು. ಹಾಗಾದ್ರೆ ಎಷ್ಟು ಜನ ಬೇಕು ಹೇಳಿ, ನಾನು ಕಳಿಸ್ತೇನೆ."

ಅಕ್ಕೋರ ಕೈ ತುರುಬಿಗೆ ಹೋಯಿತು. "ನಿಮ್ಮೊಳಗ ಎರಡೂ ಕಡೆಯವರು ಅದಾರ್ರಿ. ನನ್ನೊಳಗೂ ಅದಾರ. ನೀವು ಕೂಡಬ್ಯಾಡ ಅಂತ ಹೊರಗ ನಿಂದ್ರಸ್ತೀರಲ್ಲ, ಅವರೊಳಗೂ ಅದಾರ."

"ಹಾಗೆ ಬರೆದ್ರೆ ಇಲ್ಲಿ ಯಾರೂ ಕೈ ಚಾಚುದಿಲ್ಲ."

"ಬಿಡ್ರಿ ಹಂಗಾರ" ಎಂದು ಅಕ್ಕೋರು ಎದ್ದರು. ಚಾ ಅರ್ಧ ಉಳಿದಿತ್ತು. ನಾನು ಟ್ಯೂಬುಗಳ ಡಬ್ಬ ಹಿಡಿದುಕೊಂಡು ಹಿಂದೆ ಓಡಿದೆ, ದಾರಿಯುದ್ದಕ್ಕೂ ಒಳಗೊಳಗೇ ಅವರನ್ನು ಬೈದೆ. ಹೂಂ ಎಂದು ತಲೆಯಾಡಿಸಿದ್ದರೆ ಮುಗಿಯುತ್ತಿತ್ತಲ್ಲ ಮಾರಾಯ. ಮೂರನೆಯ ದಿನ ಆ ಮುಖಂಡರ ತಾಯಿಯೇ ನಾವಿದ್ದ ಜಾಗ ಹುಡುಕಿಕೊಂಡು ಬಂದು ಸೆರಗು ಸರಿಸಿ ಕೈ ಚಾಚಿದರು. "ಅವನಿಗೆ ಮಂಡೆ ಸರಿ ಇಲ್ಲ. ನನ್ನದು ತೆಗೀರಿ" ಎಂದರು. ಅವರ ಹಿಂದೆ ಅವರ ಕೇರಿಯೇ ಬಂತು.

ಇನ್ನು ನನ್ನ ತಪ್ಪು. ಅಕ್ಕೋರು ಮೊದಲೇ ಹೇಳಿದ್ದರು: ಒಂದು ಮನೆತನದಿಂದ ಒಬ್ಬರೇ ಸಾಕು, ಒಡಹುಟ್ಟಿದವರು ಬೇಡ, ರಕ್ತಸಂಬಂಧಿಗಳು ಬೇಡ. ಯಾರು ಯಾರಿಗೆ ಏನು ಎಂದು ಬರೆದಿಡುವ ಹಾಳೆ ನನ್ನ ಕೈಯಲ್ಲಿತ್ತು. ನಮ್ಮದು ಅಳಿಯಕಟ್ಟಿನ ಮನೆಗಳು. ಮನೆತನ ತಾಯಿಯಿಂದ ಬರುತ್ತದೆ, ಅದನ್ನು ಬಳಿ ಎನ್ನುತ್ತೇವೆ. ಎಲ್ಲರ ಬಳಿ ಯಾವುದೆಂದು ಕೇಳಿ ಬರೆದುಕೊಂಡೆ. ಬಳಿ ಒಂದೇ ಆದರೆ ಬಿಟ್ಟೆ, ಬೇರೆಯಾದರೆ ಬೇರೆ ಮನೆಯವರು ಎಂದು ಸೇರಿಸಿದೆ. ಎಷ್ಟು ಶ್ರದ್ಧೆಯಿಂದ ಮಾಡಿದೆ ಎಂದರೆ, ತಾಯಿಯ ಅಜ್ಜಿಯ ತಂಗಿಯ ಮರಿಮಗಳನ್ನು ಕೂಡ ಹುಡುಕಿ ಹೊರಗಿಟ್ಟೆ. ಆದರೆ ಒಬ್ಬ ಅಜ್ಜನಿಗೆ ಆರು ಗಂಡುಮಕ್ಕಳಿದ್ದರೆ, ಆ ಆರು ಜನರ ಮಕ್ಕಳಿಗೆ ಅವರವರ ತಾಯಿಯ ಬಳಿ. ನನ್ನ ಹಾಳೆಯಲ್ಲಿ ಅವರು ಆರು ಮನೆತನ. ಒಬ್ಬನೇ ಅಜ್ಜನ ಮೊಮ್ಮಕ್ಕಳು ಎಂಬುದು ನನ್ನ ತಲೆಗೆ ಬರಲೇ ಇಲ್ಲ. ನಮ್ಮಲ್ಲಿ ಹಾಗೆ ಯಾರೂ ಎಣಿಸುವುದಿಲ್ಲ. ಮೇಲಾಗಿ ನಾನು ಒಬ್ಬರ ಮನೆಯಿಂದ ಅವರ ಸೋದರಮಾವನ ಮನೆಗೆ, ಅಲ್ಲಿಂದ ಅವರ ಅತ್ತೆಯ ಮನೆಗೆ ಎಂದು ಪರಿಚಯ ಹಿಡಿದುಕೊಂಡೇ ಹೋದವನು.

ಲೆಕ್ಕ ಬಂತು. ಕಂಪ್ಯೂಟರಿನ ಪರದೆಯ ಮೇಲೆ ಉದ್ದಕ್ಕೂ ಸಪಾಟಾದ ಗೆರೆ, ಒಂದು ಜಾಗದಲ್ಲಿ ಮಾತ್ರ ಎದ್ದುನಿಂತ ಶಿಖರ, ಅಕ್ಕೋರು ಹುಡುಕುತ್ತಿದ್ದ ಗುರುತು. ಅಕ್ಕೋರು ಎರಡು ದಿನ ಯಾರಿಗೂ ಹೇಳಲಿಲ್ಲ. ಮೂರನೆಯ ದಿನ ನನ್ನನ್ನು ಕರೆದು, "ಹಾಳಿ ಸರಿ ಅದ ಅಲ್ಲ? ಒಳಗ ಸಂಬಂಧದವರು ಯಾರೂ ಇಲ್ಲಲ್ಲ?" ಎಂದರು. ಆಗಿನ ಕಾಲಕ್ಕೆ ನಮ್ಮ ಲ್ಯಾಬಿನಲ್ಲಿ ವಂಶವಾಹಿಯ ಕೆಲವೇ ಜಾಗಗಳನ್ನು ನೋಡಲಾಗುತ್ತಿತ್ತು. ಬೆರೆತ ಜನರಲ್ಲಿ ಯಾರು ನಿಜವಾದ ನೆಂಟರು, ಯಾರು ಬರೀ ಒಂದೇ ಮೂಲದವರು ಎಂದು ಲೆಕ್ಕದಿಂದ ಬೇರ್ಪಡಿಸುವುದು ಕಷ್ಟ. ಅವರು ನನ್ನ ಹಾಳೆಯನ್ನೇ ನಂಬಬೇಕಿತ್ತು.

"ಯಾರೂ ಇಲ್ಲ ಅಕ್ಕೋರೆ, ಗ್ಯಾರಂಟಿ" ಎಂದೆ.

ಪ್ರಬಂಧ ಅಚ್ಚಾಯಿತು. ಪ್ರಾಂಶುಪಾಲರು, ಬೆಂಗಳೂರಿನ ಕಡೆಯವರು, ಪೇಢೆ ಹಂಚಿದರು. ಅಕ್ಕೋರಿಗೆ ಪ್ರೊಫೆಸರ್ ಹುದ್ದೆಯ ಫೈಲು ಎದ್ದಿತು, ನನಗೆ ಕಾಂಟ್ರ್ಯಾಕ್ಟು ಪಕ್ಕಾ ಆಗುವ ಮಾತು ಬಂತು. ಮೊದಲ ಬಾರಿಗೆ ಅವರು ಕೆಂಪು ಪೆನ್ಸಿಲ್ ಮರೆತು ಬಂದದ್ದನ್ನು ನೋಡಿದೆ. ಆ ದಿನಗಳಲ್ಲಿ ಅವರು ತುಂಬ ಸಂತೋಷವಾಗಿದ್ದರು. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಅದೇ ವರ್ಷ ಠಾಣೆಯ ಹಾಲ್ ಒಂದರಲ್ಲಿ ನಮ್ಮ ಪರಿಚಯದ ಮನೆಯ ಮದುವೆ. ಹುಡುಗ, ಹುಡುಗಿ ಇಬ್ಬರೂ ನಮಗೆ ರಕ್ತ ಕೊಟ್ಟವರು. ಅಕ್ಕೋರನ್ನು ಕರೆದುಕೊಂಡು ಹೋದೆ. ಊಟಕ್ಕೆ ಕೂತಾಗ ಹುಡುಗ ಪಂಕ್ತಿಯ ಹತ್ತಿರ ಬಂದು ಅವರ ಕಾಲಿಗೆ ನಮಸ್ಕರಿಸಿದ. ಇಲ್ಲೇ ಹುಟ್ಟಿದವನು, ಕನ್ನಡ ಅರ್ಥವಾದರೂ ಬಾಯಿಗೆ ಬರುವುದು ಹಿಂದಿ.

"ಎಲ್ಲಿ ನೋಡಿ ಹಿಡದಿಯಪಾ ಹುಡುಗೀನ?" ಎಂದು ಅಕ್ಕೋರು ತಮಾಷೆ ಮಾಡಿದರು.

"ಹುಡುಕೋದೇನು ಮ್ಯಾಡಮ್, ಮಾಮಾ ಕೀ ಲಡಕೀ ಹೈ" ಎಂದು ನಕ್ಕ.

ಅಕ್ಕೋರ ಕೈಯಲ್ಲಿದ್ದ ತುತ್ತು ಎಲೆಗೆ ಇಳಿಯಿತು. ಅವರ ಕಡೆಯೂ ಮಾವನ ಮಗಳನ್ನು ತರುವುದುಂಟು, ಅದರಲ್ಲಿ ಆಶ್ಚರ್ಯವಿಲ್ಲ. ಆದರೆ ಇಬ್ಬರ ಹೆಸರೂ ನನ್ನ ಹಾಳೆಯಲ್ಲಿ ಸಂಬಂಧವಿಲ್ಲದವರೆಂದು ಇದ್ದದ್ದು ಅವರಿಗೆ ನೆನಪಿತ್ತು. ನನ್ನ ಕಡೆ ತಿರುಗಿದರು. ನಾನು ಹೆಮ್ಮೆಯಿಂದಲೇ ವಿವರಿಸಿದೆ, "ಬಳಿ ಬೇರೆ ಅಲ್ವಾ ಅಕ್ಕೋರೆ, ಅದಕ್ಕೇ ಮದುವೆ ಆಗ್ತದೆ. ಒಂದೇ ಮನೆಯವರು ಅಲ್ಲ."

"ಈ ಹಾಲಿನೊಳಗ ನಮಗ ರಕ್ತ ಕೊಟ್ಟವರು ಎಷ್ಟು ಮಂದಿ ಇದ್ದಾರ?"

ಕತ್ತೆತ್ತಿ ನೋಡಿದೆ. ಒಂದು ಪಂಕ್ತಿ ನೋಡಿದೆ, ಎರಡನೆಯದು ನೋಡಿದೆ. ನಾನು ಮನೆಮನೆ ಅಲೆದು ತಂದ ಜನರಲ್ಲಿ ಮೂರರಲ್ಲಿ ಒಂದು ಪಾಲು ಅಲ್ಲೇ ಪಾಯಸ ಬಡಿಸಿಕೊಳ್ಳುತ್ತಿತ್ತು.

"ಮದುವಿ ಮಂದಿನ್ನ ಇಳಿಸದ ಎಣಿಸೀವಿ" ಎಂದರು ಅಕ್ಕೋರು. ಅಷ್ಟೇ ಹೇಳಿದ್ದು. ಬೈದಿದ್ದರೆ ಚೆನ್ನಾಗಿತ್ತು.

ಆಮೇಲಿನ ತಿಂಗಳುಗಳಲ್ಲಿ ಮತ್ತೆ ಮನೆಮನೆಗೆ ಹೋಗಿ ಎಲ್ಲರ ತಂದೆಯ ಕಡೆಯನ್ನೂ ಕೇಳಿ ಬರೆದೆವು. ಒಬ್ಬ ಅಜ್ಜನಿಗೆ ಒಬ್ಬರಂತೆ ಇಟ್ಟುಕೊಂಡು ಮತ್ತೆ ಲೆಕ್ಕ ಹಾಕಿದೆವು. ಶಿಖರ ಮಲಗಿಬಿಟ್ಟಿತ್ತು. ಗೆರೆ ಈ ತುದಿಯಿಂದ ಆ ತುದಿಗೆ ಸಪಾಟು. ಅಕ್ಕೋರು ಅದರ ಪ್ರಿಂಟ್ ತೆಗೆಸಿ, ಕೆಂಪು ಪೆನ್ಸಿಲ್ ತೆಗೆದುಕೊಂಡು ಪ್ರಾಂಶುಪಾಲರ ಕೋಣೆಗೆ ಹೋದರು. ನಾನು ಬಾಗಿಲಲ್ಲಿ ನಿಂತಿದ್ದೆ.

"ಮೇಡಂ, ಪೇಪರ್ ಅಚ್ಚಾಗಿ ಎಲ್ಲರೂ ಮರೆತಿದ್ದಾರೆ. ಯಾರೂ ಕೇಳ್ತಾ ಇಲ್ಲ. ನೀವೇ ಯಾಕೆ ಎದ್ದು ನಿಂತ್ಕೊಂಡು ಹೊಡೀರಿ ಅಂತೀರಾ?" ಎಂದರು ಅವರು.

"ಯಾರೂ ಕೇಳಂಗಿಲ್ಲ ಖರೆ. ನನಗ ಗೊತ್ತಾಗೇದಲ್ಲ."

"ನಿಮ್ಮ ಫೈಲು ನನ್ನ ಟೇಬಲ್ ಮೇಲಿದೆ. ಇನ್ನೊಂದು ಆರು ತಿಂಗಳು ಸುಮ್ಮನಿರಿ ಅಂತಷ್ಟೇ ಹೇಳ್ತಿರೋದು."

"ಇರಲಿ ಬಿಡ್ರಿ. ಚಾ ಕಪ್ಪು ಇಡಲಿಕ್ಕೆ ಚಲೋ ಆಗ್ತದ."

ನಾನು ಆಗ ಒಳಗೆ ಹೋಗಿ, ಹಾಳೆ ಬರೆದವನು ನಾನು, ಗ್ಯಾರಂಟಿ ಕೊಟ್ಟವನು ನಾನು ಎನ್ನಬೇಕಿತ್ತು. ಹೋಗಲಿಲ್ಲ. ಸಂಜೆ ಲ್ಯಾಬಿನಲ್ಲಿ ಅಕ್ಕೋರಿಗೆ ಹೇಳಿದೆ, ಪ್ರಬಂಧ ತಪ್ಪೆಂದು ಪತ್ರಿಕೆಗೆ ಬರೆಯುವ ಪತ್ರದಲ್ಲಿ ನನ್ನ ಹೆಸರು ಹಾಕಿ ಎಂದು. ಅದೂ ಮೆಲ್ಲಗೆ, ಅವರು ಬೇಡ ಎನ್ನಲಿ ಎಂದು ಬೇಡಿಕೊಳ್ಳುತ್ತಲೇ ಹೇಳಿದೆ. ಅವರಿಗೆ ಅದೂ ಗೊತ್ತಾಯಿತು.

"ನಿನ್ನ ಕಾಂಟ್ರ್ಯಾಕ್ಟ್ ಯಾವಾಗ ಮುಗೀತದ?"

"ಬರುವ ತಿಂಗಳು."

"ನಿನ್ನ ಮಂದಿ ಹೆಂಗ ಎಣಿಸ್ತಾರೋ ಹಂಗ ನೀ ಎಣಿಸಿದಿ. ಅದು ಹೆಂಗ ಅಂತ ಕೇಳೂದು ನನ್ನ ಕೆಲಸ ಇತ್ತು. ನಾ ಕೇಳಲಿಲ್ಲ. ನಡಿ, ಗಾಡಿ ತಪ್ಪತದ."

ಪತ್ರಿಕೆಗೆ ಬರೆದ ಪತ್ರದಲ್ಲಿ ತಪ್ಪು ಪೂರ್ತಿ ತನ್ನದು ಎಂದು ಬರೆದು ಅವರೊಬ್ಬರೇ ಸಹಿ ಮಾಡಿದರು. ಲ್ಯಾಬಿನ ನೋಟ್‌ಬುಕ್ಕಿನಲ್ಲಿ ಶಿಖರದ ಪುಟದ ಮೇಲೆ ಒಂದೇ ಗೆರೆ, ಪಕ್ಕದಲ್ಲಿ ಅವರ ಸಹಿ, ತಾರೀಕು. ನನಗೆ ಆಗ ಆದದ್ದು ನೆಮ್ಮದಿ. ನಾಚಿಕೆ ಬಂದದ್ದು ಬಹಳ ತಡವಾಗಿ. ಕಾಂಟ್ರ್ಯಾಕ್ಟು ಪಕ್ಕಾ ಆಯಿತು, ಆ ಸಂಬಳದಲ್ಲಿ ಮದುವೆಯಾದೆ, ಮಗಳನ್ನು ಓದಿಸುತ್ತಿದ್ದೇನೆ. ಅವರ ಫೈಲು ಮಾತ್ರ ಮತ್ತೆ ಏಳಲಿಲ್ಲ. ಲ್ಯಾಬನ್ನು ನೀರಿನ ಪಂಪಿನ ಪಕ್ಕದ ಕೋಣೆಗೆ ತಳ್ಳಿದರು. ಪಂಪು ಓಡುವಾಗ ತಕ್ಕಡಿಯ ಮುಳ್ಳು ನಡುಗುತ್ತಿತ್ತು. ನೀರಿನ ಟಾಕಿ ತುಂಬುವವರೆಗೆ ಅಕ್ಕೋರು ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿ ಕೂರುತ್ತಿದ್ದರು, ಪಂಪು ನಿಂತ ಮೇಲೆ ತೂಗುತ್ತಿದ್ದರು. ನಿವೃತ್ತಿಯ ದಿನದವರೆಗೂ ಹಾಗೆಯೇ ನಡೆಯಿತು.

ಪತ್ರ ಕಳಿಸಿದ ವಾರ ಇನ್ನೊಂದು ಕೆಲಸ ಮಾಡಿದರು. ರಕ್ತ ಕೊಟ್ಟವರ ಮನೆಗಳಿಗೆ ಹೋಗಿ, ನಿಮ್ಮ ಬಗ್ಗೆ ನಾವು ಬರೆದದ್ದು ತಪ್ಪು ಎಂದು ಹೇಳಿಬಂದರು. ಕಳವಾ ಊರಿನ ಆ ಮುಖಂಡರ ತಾಯಿ ಪೂರ್ತಿ ಕೇಳಿಸಿಕೊಂಡರು. "ನಂಗೆ ನೀವು ಹೇಳಿದ್ದು ಅರ್ಥ ಆಗ್ಲಿಲ್ಲ. ಆದ್ರೆ ತಪ್ಪಾಯ್ತು ಅಂತ ಹೇಳ್ಲಿಕ್ಕೆ ಮನೆವರೆಗೆ ಬಂದ ಡಾಕ್ಟ್ರು ನೀವೊಬ್ರೇ. ಊಟ ಮಾಡಿ ಹೋಗಿ" ಎಂದರು. ಅಕ್ಕೋರು ಬೇಡ ಎನ್ನದೆ ಕೂತು ಉಂಡರು. ಇಳಿಯುವಾಗ ಮೆಟ್ಟಿಲ ಮೇಲೆ ಕಣ್ಣು ಒರೆಸಿಕೊಂಡರು. ನಾನು ನೋಡಿದೆ ಎಂದು ಗೊತ್ತಾಗಿ, "ಮೆಣಸಿನಕಾಯಿ ಭಾಳ ಹಾಕ್ತಾರ ನಿಮ್ಮ ಮಂದಿ" ಎಂದು ನನ್ನ ಮೇಲೆ ಹಾಕಿದರು.

ಈಗ ಬೋರ್ಡಿಗೆ ಬರುತ್ತೇನೆ. ಅವರ ಲ್ಯಾಬಿನಲ್ಲಿ ಉಳಿದವರ ಪೈಕಿ ಹಳಬ ನಾನೆಂದು, ಆಫೀಸಿನವರು ಬರೆದ ಜೀವನ ಪರಿಚಯವನ್ನು ಓದಲು ನನಗೆ ಕೊಟ್ಟಿದ್ದರು. ಅದರಲ್ಲೂ ಅದೇ ಸಾಲು. ಎದುರಿನ ಕುರ್ಚಿಯಲ್ಲಿ ಹಳೆಯ ಪ್ರಾಂಶುಪಾಲರು ಕೂತಿದ್ದರು. ಓದುತ್ತ ಆ ಸಾಲಿಗೆ ಬಂದೆ. ನಿಲ್ಲಿಸಿದೆ.

"ಇದು ಸುಳ್ಳು" ಎಂದೆ. ಮೈಕಿನಲ್ಲಿ ನನ್ನ ದನಿ ನನಗೇ ದೊಡ್ಡದಾಗಿ ಕೇಳಿತು. "ಇಂಥದ್ದೇನೂ ಇಲ್ಲ ಎಂದು ಅಕ್ಕೋರೇ ಬರೆದಿದ್ದಾರೆ. ತಪ್ಪು ತನ್ನದು ಎಂದೂ ಬರೆದಿದ್ದಾರೆ. ಅವರು ಬರೆದುದರಲ್ಲಿ ಸುಳ್ಳು ಅದೊಂದೇ. ಆ ಹಾಳೆ ಬರೆದವನು ನಾನು. ಸರಿ ಇದೆ ಎಂದು ಗ್ಯಾರಂಟಿ ಕೊಟ್ಟವನೂ ನಾನು."

ಸಭೆಯಲ್ಲಿ ಗುಸುಗುಸು ಎದ್ದಿತು. ಹಳೆಯ ಪ್ರಾಂಶುಪಾಲರು ಕೂತಲ್ಲಿಂದಲೇ, "ಇವತ್ತು ಬೇಡಪ್ಪ. ಸತ್ತವರ ಬಗ್ಗೆ ಒಳ್ಳೇದು ಹೇಳ್ಬೇಕು" ಎಂದರು.

"ಅದನ್ನೇ ಹೇಳ್ತಾ ಇರುದು ಸರ್. ಇದಕ್ಕಿಂತ ಒಳ್ಳೇದು ನನಗೆ ಗೊತ್ತಿಲ್ಲ."

ಉಳಿದದ್ದನ್ನು ಓದದೆ ಕೆಳಗಿಳಿದೆ. ಲ್ಯಾಬಿನಲ್ಲಿ ಟ್ಯೂಬುಗಳ ಮೇಲೆ ಬರೆಯುವ ಕೆಂಪು ಮಾರ್ಕರ್ ಜೇಬಿನಲ್ಲಿತ್ತು. ಬಾಗಿಲಿಗೆ ಹೋಗಿ ಬೋರ್ಡಿನ ಮುಂದೆ ನಿಂತೆ. ಆಫೀಸಿನ ಗುಮಾಸ್ತ ಓಡಿ ಬಂದು, "ಅರೇ, ಬೋರ್ಡ್ ಖರಾಬ್ ಆಗ್ತದೆ" ಎಂದ. ಆಗಲಿ ಎಂದೆ.

ಮೂರನೆಯ ಸಾಲಿನ ಮೇಲೆ ಒಂದೇ ಗೆರೆ ಎಳೆದೆ. ಕೆಳಗಿನ ಅಕ್ಷರಗಳೆಲ್ಲ ಓದಲು ಬರುತ್ತಿದ್ದವು. ಪಕ್ಕದಲ್ಲಿ "ತಪ್ಪು ನನ್ನದು" ಎಂದು ಬರೆದು, ನನ್ನ ಪೂರ್ತಿ ಹೆಸರು ಹಾಕಿ, ತಾರೀಕು ಹಾಕಿದೆ.